ಹುಂಜವೋ, ಹ್ಯಾಟಿಯೋ?

ಕೋಳಿ ಕಾವಿಗೆ ಕೂತು 21 ದಿನ ಆಯಿತು. ತತ್ತಿ ಒಡೆದು ಮರಿ ಹೊರಗೆ ಬಂದವು. ಒಟ್ಟು ಹತ್ತು ಮರಿ. ಒಂದು ಹಳದಿ, ಒಂದು ಕಂದು, ಒಂದು ಕಪ್ಪು. ಬುಟ್ಟಿಯ ತುಂಬ ಚಿಂವ್ ಚಿಂವ್ ಸಪ್ಪಳ. ಆಗ ಮನೆಯವರೆಲ್ಲ ಕೇಳುವ ಮಾತು ಒಂದೇ.

"ಇದರಾಗ ಹ್ಯಾಟಿ ಎಷ್ಟವ? ಹುಂಜ ಎಷ್ಟವ?"

ನಮ್ಮ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಹೆಣ್ಣು ಕೋಳಿಗೆ ಹ್ಯಾಟಿ ಅನ್ನುತ್ತೇವೆ. ಪುಸ್ತಕದಲ್ಲಿ ಹೇಂಟೆ ಎಂದು ಬರೆಯುತ್ತಾರೆ. ಎರಡೂ ಒಂದೇ. ಈ ಪಾಠದಲ್ಲಿ ನಾವು ಬಾಯಿಗೆ ಬರುವ ಮಾತನ್ನೇ ಬರೆಯುತ್ತೇವೆ. ಓದಲು ಸುಲಭ.

ಹ್ಯಾಟಿ ಯಾವುದು, ಹುಂಜ ಯಾವುದು ಅಂತ ತಿಳಿದು ಏನಾಗಬೇಕು? ಬಹಳ ಆಗಬೇಕು. ಹೊಲದ ಜೋಳ, ತೊಗರಿ ಮಾರಿದ ರೊಕ್ಕ ನಮ್ಮ ಕೈಗೆ ಬರುವುದು ಕಡಿಮೆ. ಹಿತ್ತಲ ಕೋಳಿಯ ರೊಕ್ಕ ಮಾತ್ರ ನಮ್ಮ ಸೆರಗಿನ ಗಂಟಿನಲ್ಲಿ ಇರುತ್ತದೆ. ಮಗಳ ನೋಟ್‌ಬುಕ್ಕು, ಅತ್ತೆಯ ಮಾತ್ರೆ, ತಲೆಗೆ ಎಣ್ಣೆ, ಎಲ್ಲ ಅದರಲ್ಲೇ.

ಒಂದು ಲೆಕ್ಕ ಮಾಡೋಣ. ಜವಾರಿ ಹ್ಯಾಟಿ ವರ್ಷಕ್ಕೆ 50ರಿಂದ 60 ತತ್ತಿ ಇಡುತ್ತದೆ. ಒಂದು ತತ್ತಿಗೆ 10 ರೂಪಾಯಿ ಅಂತ ಹಿಡಿಯೋಣ. 50 ತತ್ತಿಗೆ 500 ರೂಪಾಯಿ. ನಿಮ್ಮ ಊರಿನಲ್ಲಿ ದರ ಬೇರೆ ಇದ್ದರೆ ಆ ಅಂಕಿ ಹಾಕಿ ಗುಣಿಸಿರಿ. ಆ ಹ್ಯಾಟಿ ಎರಡು ಮೂರು ವರ್ಷ ತತ್ತಿ ಇಡುತ್ತದೆ. ನಡುವೆ ಕಾವಿಗೆ ಕೂತು ಮರಿಯನ್ನೂ ಎಬ್ಬಿಸುತ್ತದೆ.

ಇಂಥ ಹ್ಯಾಟಿಯನ್ನು ಎರಡು ತಿಂಗಳ ಮರಿ ಇದ್ದಾಗಲೇ "ಇದು ಹುಂಜ ಕಾಣತೈತಿ" ಎಂದು ಸಂತೆಗೆ ಒಯ್ದು ಮಾರಿದರೆ? ಇಲ್ಲವೆ ಬೀಗರು ಬಂದರೆಂದು ಕೊಯ್ದರೆ? ಹೋದದ್ದು ಒಂದು ಮರಿಯಲ್ಲ, ಎರಡು ಮೂರು ವರ್ಷದ ತತ್ತಿ. ಇನ್ನೊಂದು ತಪ್ಪೂ ಆಗುತ್ತದೆ. ಹ್ಯಾಟಿ ಎಂದು ತಿಳಿದು ನಾಲ್ಕು ಹುಂಜಗಳಿಗೆ ಏಳು ತಿಂಗಳು ನುಚ್ಚು ಹಾಕುತ್ತೇವೆ. ತತ್ತಿಗೆ ಕಾಯುತ್ತೇವೆ. ಕೊನೆಗೆ ಅವು ಕೊಕ್ಕೊಕ್ಕೋ ಎಂದು ಕೂಗುತ್ತವೆ!

ತತ್ತಿ ನೋಡಿ ಹೇಳಬಹುದೇ?

ಇಲ್ಲ. ಚೂಪು ತತ್ತಿ ಇದ್ದರೆ ಹುಂಜ, ದುಂಡು ತತ್ತಿ ಇದ್ದರೆ ಹ್ಯಾಟಿ ಎಂದು ಹಲವರು ಹೇಳುತ್ತಾರೆ. ಇನ್ನು ಕೆಲವರು ಇದನ್ನೇ ತಿರುಗಿಸಿ ಹೇಳುತ್ತಾರೆ. ಎರಡೂ ನಿಜವಲ್ಲ. ಒಂದು ಕೋಳಿ ಚೂಪು ತತ್ತಿ ಇಡುತ್ತಿದ್ದರೆ ವರ್ಷವಿಡೀ ಹೆಚ್ಚು ಕಡಿಮೆ ಅದೇ ಆಕಾರದ ತತ್ತಿ ಇಡುತ್ತದೆ. ಆದರೆ ಅದರ ಮರಿಗಳಲ್ಲಿ ಗಂಡೂ ಇರುತ್ತವೆ, ಹೆಣ್ಣೂ ಇರುತ್ತವೆ. ಇಷ್ಟು ನೋಡಿದರೆ ಸಾಕು.

ದಾರಕ್ಕೆ ಸೂಜಿ ಕಟ್ಟಿ ತತ್ತಿಯ ಮೇಲೆ ತೂಗಿಬಿಡುವವರೂ ಇದ್ದಾರೆ. ಸೂಜಿ ತೂಗುವುದು ನಮ್ಮ ಕೈಯ ನಡುಕದಿಂದ. ಮರಿಯ ಕಾಲು ಹಿಡಿದು ತಲೆಕೆಳಗೆ ಮಾಡಿ ನೋಡುವುದೂ ಬೇಡ. ಅದರಿಂದ ಏನೂ ತಿಳಿಯುವುದಿಲ್ಲ. ಪಾಪ, ಎಳೆಯ ಮರಿಗೆ ತ್ರಾಸು.

ಕಾವಿಗೆ ಇಟ್ಟ ತತ್ತಿಗಳಲ್ಲಿ ಹೆಚ್ಚು ಕಡಿಮೆ ಅರ್ಧ ಹುಂಜ, ಅರ್ಧ ಹ್ಯಾಟಿ ಆಗುತ್ತವೆ. ಪ್ರತಿ ಸಲ ಸರಿಯಾಗಿ ಐದು ಐದು ಬರಲಿಕ್ಕಿಲ್ಲ. ಒಮ್ಮೆ ಏಳು ಹುಂಜ, ಮೂರು ಹ್ಯಾಟಿ. ಮತ್ತೊಮ್ಮೆ ಆರು ಹ್ಯಾಟಿ, ನಾಲ್ಕು ಹುಂಜ. ನಾಣ್ಯ ಚಿಮ್ಮಿದ ಹಾಗೆ.

ಯಾರಿಂದ ಗಂಡು, ಯಾರಿಂದ ಹೆಣ್ಣು?

ಇಲ್ಲಿ ಒಂದು ಸೋಜಿಗದ ಸಂಗತಿ ಇದೆ. ಕೋಳಿಗಳಲ್ಲಿ ಮರಿ ಗಂಡೋ ಹೆಣ್ಣೋ ಎಂಬುದು ತಾಯಿ ಕೋಳಿಯಿಂದ ಗೊತ್ತಾಗುತ್ತದೆ. ಹ್ಯಾಟಿಯ ಹೊಟ್ಟೆಯಲ್ಲಿ ಎರಡು ತರದ ತತ್ತಿ ಆಗುತ್ತವೆ. ಒಂದು ತರದ್ದು ಹುಂಜ ಆಗುವಂಥದ್ದು. ಇನ್ನೊಂದು ಹ್ಯಾಟಿ ಆಗುವಂಥದ್ದು. ಹೊರಗಿನಿಂದ ಎರಡೂ ಒಂದೇ ತರ ಕಾಣುತ್ತವೆ. ಹುಂಜದ ಬೀಜ ಮಾತ್ರ ಒಂದೇ ತರದ್ದು.

ಮನುಷ್ಯರಲ್ಲಿ ಇದು ತಿರುವುಮುರುವು. ಹೆಂಗಸಿನ ಅಂಡ ಒಂದೇ ತರದ್ದು. ಗಂಡಸಿನ ಬೀಜದಲ್ಲಿ ಎರಡು ತರ. ಒಂದು ತರದ್ದು ಸೇರಿದರೆ ಗಂಡು ಕೂಸು, ಇನ್ನೊಂದು ಸೇರಿದರೆ ಹೆಣ್ಣು ಕೂಸು. ಯಾವುದು ಸೇರಬೇಕು ಎಂಬುದು ಗಂಡಸಿನ ಕೈಯಲ್ಲೂ ಇಲ್ಲ. ಹಾಗಿದ್ದರೂ ನಮ್ಮ ಊರುಗಳಲ್ಲಿ ಏನಾಗುತ್ತದೆ? ಮೂರನೆಯದೂ ಹೆಣ್ಣಾಯಿತೆಂದು ಬಾಣಂತಿಗೆ ಬೈಯುತ್ತಾರೆ. "ಗಂಡು ಹಡೀಲಿಲ್ಲ" ಎಂದು ಮಗನಿಗೆ ಎರಡನೇ ಮದುವೆ ಮಾತಾಡುತ್ತಾರೆ. ಕೋಳಿ ಬುಟ್ಟಿಯ ಮುಂದೆ ಕೂತು "ಹ್ಯಾಟಿ ಹೆಚ್ಚು ಬರಲಿ" ಎಂದು ಬೇಡುವವರೂ ಇವರೇ. ಈ ಸಂಗತಿಯನ್ನು ನಾವು ಕಲಿಕಾ ಕೇಂದ್ರದಲ್ಲಿ ಹೇಳಿದಾಗ ಕೆಲವರು ಎರಡು ಸಲ ಹೇಳಿಸಿ ಕೇಳಿದ್ದಾರೆ. ಇದನ್ನು ನೀವು ಮನೆಯಲ್ಲಿ ಗಟ್ಟಿಯಾಗಿ ಓದಿರಿ. ಅತ್ತೆಯೂ ಕೇಳಲಿ, ಮಾವನೂ ಕೇಳಲಿ.

ಹೊಟ್ಟೆಯೊಳಗಿನ ಕೂಸು ಗಂಡೋ ಹೆಣ್ಣೋ ಎಂದು ಪತ್ತೆ ಮಾಡಿಸುವುದು 1994ರ ಕಾನೂನಿನ ಪ್ರಕಾರ ಅಪರಾಧ. ಕೋಳಿ ಮರಿಗೆ ಆ ಕಾನೂನು ಇಲ್ಲ. ಮರಿಯ ಮಾತಿಗೆ ಬರೋಣ.

ಒಂದು ದಿನದ ಮರಿ

ತತ್ತಿಯಿಂದ ಆಗಷ್ಟೇ ಬಂದ ಜವಾರಿ ಮರಿಯನ್ನು ಮೇಲಿಂದ ನೋಡಿ ಹುಂಜ, ಹ್ಯಾಟಿ ಹೇಳಲು ಆಗುವುದಿಲ್ಲ. ಕೋಳಿಯ ಗಂಡುತನದ ಗುರುತು ಹೊಟ್ಟೆಯ ಒಳಗೆ ಇರುತ್ತದೆ. ಆಡು, ಎಮ್ಮೆಗಳ ಹಾಗೆ ಹೊರಗೆ ಕಾಣುವುದಿಲ್ಲ.

ಆದರೂ ಒಂದು ವಿದ್ಯೆ ಇದೆ. 1920ರ ದಶಕದಲ್ಲಿ ಜಪಾನ್ ದೇಶದ ವಿಜ್ಞಾನಿಗಳಾದ ಮಸೂಯಿ, ಹಾಶಿಮೋಟೊ ಅದನ್ನು ತೋರಿಸಿಕೊಟ್ಟರು. ಒಂದು ದಿನದ ಮರಿಯನ್ನು ಅಂಗೈಯಲ್ಲಿ ಹಿಡಿಯುತ್ತಾರೆ. ಹಿಕ್ಕೆ ಹಾಕುವ ಜಾಗವನ್ನು ಮೆಲ್ಲಗೆ ಬಿಡಿಸಿ ನೋಡುತ್ತಾರೆ. ಒಳಗೆ ಹುಂಜದ ಮರಿಗೆ ಸಾಸಿವೆಗಿಂತ ಸಣ್ಣದಾದ ಒಂದು ಗುಬಟು ಇರುತ್ತದೆ. ಕೆಲವು ಹ್ಯಾಟಿ ಮರಿಗಳಿಗೂ ಅಂಥದ್ದೇ ಕಾಣುತ್ತದೆ. ಅದಕ್ಕೇ ಇದು ಕಠಿಣ. ಪಳಗಿದವರು ಗಂಟೆಗೆ ನೂರಾರು ಮರಿ ನೋಡಿ ಬೇರೆ ಬೇರೆ ಮಾಡುತ್ತಾರೆ. ಅದಕ್ಕೆ ಬಹಳ ದಿನದ ತರಬೇತಿ ಬೇಕು. ನಾವು ಮನೆಯಲ್ಲಿ ಮಾಡಲು ಹೋದರೆ ಮರಿಯ ಕರುಳಿಗೆ ಪೆಟ್ಟಾಗಿ ಸಾಯಬಹುದು. ಇದನ್ನು ಮಾಡಬೇಡಿರಿ.

ರೆಕ್ಕೆ ಬಿಡಿಸಿ ಗರಿ ನೋಡುವ ಇನ್ನೊಂದು ಪದ್ಧತಿ ಇದೆ. ಹ್ಯಾಟಿ ಮರಿಯ ರೆಕ್ಕೆಯಲ್ಲಿ ಒಂದು ಗರಿ ಉದ್ದ, ಒಂದು ಗಿಡ್ಡ. ಹುಂಜ ಮರಿಗೆ ಎಲ್ಲ ಗರಿ ಒಂದೇ ಅಳತೆ. ಇದು ಸುಳ್ಳಲ್ಲ. ಆದರೆ ಇದಕ್ಕೆಂದೇ ತಂದೆ ತಾಯಿ ಕೋಳಿಗಳನ್ನು ಆರಿಸಿ ಕೂಡಿಸಿದ ಕಂಪನಿ ತಳಿಗಳಲ್ಲಿ ಮಾತ್ರ ನಿಜ. ನಮ್ಮ ಹಿತ್ತಲ ಜವಾರಿ ಕೋಳಿಯಲ್ಲಿ ಎಲ್ಲ ತಳಿ ಕಲೆತಿವೆ. ಅಲ್ಲಿ ಈ ಗುರುತು ನಡೆಯುವುದಿಲ್ಲ.

ಬಣ್ಣದ ಮರಿ ತಗೊಳ್ಳುವ ಮುಂಚೆ

ಓಣಿಯಲ್ಲಿ ಮರಿ ಮಾರುವವನು ಬರುತ್ತಾನೆ. ಸೈಕಲ್ಲಿನ ಹಿಂದೆ ಜಾಳಿಗೆ ಪೆಟ್ಟಿಗೆ. ಒಳಗೆ ಗುಲಾಬಿ, ಹಸಿರು, ನೀಲಿ ಬಣ್ಣದ ಮರಿಗಳು. ಮಕ್ಕಳು ಓಡುತ್ತವೆ. "ತಗೋ ಯಕ್ಕಾ, ಎಲ್ಲಾ ಹ್ಯಾಟೀನ ಅದಾವ. ಆರು ತಿಂಗಳಿಗೆ ತತ್ತಿ ಕೊಡತಾವ" ಎನ್ನುತ್ತಾನೆ.

ಮೊದಲ ಮಾತು, ಈ ಬಣ್ಣ ಹುಟ್ಟಿದ್ದಲ್ಲ. ಹಚ್ಚಿದ್ದು. ಹೊಸ ಗರಿ ಬಂದಂತೆ ಹೋಗುತ್ತದೆ.

ಎರಡನೆಯ ಮಾತು ದೊಡ್ಡದು. ಇವು ಎಲ್ಲಿಂದ ಬರುತ್ತವೆ? ತತ್ತಿಗಾಗಿ ಬಿಳಿ ಕೋಳಿ ಸಾಕುವ ದೊಡ್ಡ ಫಾರ್ಮುಗಳಿಗೆ ಹ್ಯಾಟಿ ಮರಿ ಮಾತ್ರ ಬೇಕು. ಆ ತಳಿಯ ಹುಂಜ ತತ್ತಿ ಇಡುವುದಿಲ್ಲ, ಮಾಂಸಕ್ಕೂ ಬೇಗ ಬೆಳೆಯುವುದಿಲ್ಲ. ಅದಕ್ಕೆ ಮರಿ ಮಾಡುವ ಕಡೆ ಮೊದಲ ದಿನವೇ ಹುಂಜಗಳನ್ನು ಆರಿಸಿ ಹೊರಗೆ ಹಾಕುತ್ತಾರೆ. ಬಹಳ ಕಡೆ ಆ ದಿನವೇ ಕೊಲ್ಲುತ್ತಾರೆ. ಜರ್ಮನಿ ದೇಶದಲ್ಲಿ 2022ರಿಂದ ಹೀಗೆ ಕೊಲ್ಲುವುದನ್ನು ಕಾನೂನು ತಂದು ನಿಲ್ಲಿಸಿದ್ದಾರೆ. ನಮ್ಮಲ್ಲಿ ಹೀಗೆ ಹೊರಗೆ ಹಾಕಿದ ಹುಂಜ ಮರಿಗಳಲ್ಲಿ ಒಂದಿಷ್ಟಕ್ಕೆ ಬಣ್ಣ ಹಚ್ಚಿ ಊರೂರು ಮಾರುತ್ತಾರೆ.

ಅಂದರೆ "ಎಲ್ಲಾ ಹ್ಯಾಟೀನ" ಎಂದು ಕೊಟ್ಟ ಪೆಟ್ಟಿಗೆಯಲ್ಲಿ ಹೆಚ್ಚಾಗಿ ಎಲ್ಲವೂ ಹುಂಜ! ಮಾರುವವನಿಗೂ ಇದು ಗೊತ್ತಿರಲಿಕ್ಕಿಲ್ಲ. ಅವನೂ ನಮ್ಮ ಹಾಗೆ ಹೊಟ್ಟೆಪಾಡಿನವನು. ಆದರೆ ರೊಕ್ಕ ನಮ್ಮದು. ಮಗುವಿನ ಸಂತೋಷಕ್ಕೆ ಒಂದು ಮರಿ ತಗೊಂಡರೆ ಅದು ಬೇರೆ. ತತ್ತಿಯ ಆಸೆಗೆ ಇಪ್ಪತ್ತು ಮರಿ ತಗೊಂಡು ಸಂಘದ ಸಾಲ ಮೈಮೇಲೆ ಹಾಕಿಕೊಳ್ಳಬೇಡಿರಿ.

ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾದ ಗಿರಿರಾಜ ತಳಿಯ ಮರಿ ಬೇರೆ. ಅವು ಹಿತ್ತಲಲ್ಲಿ ಸಾಕಲಿಕ್ಕೆಂದೇ ಮಾಡಿದ ತಳಿ. ಅವುಗಳನ್ನು ಸಾಮಾನ್ಯವಾಗಿ ಹುಂಜ, ಹ್ಯಾಟಿ ಕೂಡಿಯೇ ಕೊಡುತ್ತಾರೆ. ಹತ್ತು ಮರಿ ತಂದರೆ ಐದಾರು ಹುಂಜ ಇರುತ್ತವೆ ಎಂದು ಮೊದಲೇ ಲೆಕ್ಕ ಹಿಡಿಯಿರಿ. ಗಿರಿರಾಜ ಹ್ಯಾಟಿ ಕಾವಿಗೆ ಕೂಡುವುದಿಲ್ಲ. ಅದರ ತತ್ತಿಯನ್ನು ಜವಾರಿ ಹ್ಯಾಟಿಯ ಕೆಳಗೆ ಇಡಬೇಕು.

ಹಾಗಾದರೆ ಯಾವಾಗ ತಿಳಿಯುತ್ತದೆ?

ತಾಳ್ಮೆ ಬೇಕು. ಐದು ವಾರ ಏನೂ ಹೇಳಲು ಹೋಗಬೇಡಿರಿ. ಮರಿ ಬದುಕಿ ಉಳಿಯುವುದೇ ಆಗ ದೊಡ್ಡದು. ಹದ್ದು ಇದೆ, ಬೆಕ್ಕು ಇದೆ, ಮುಂಗುಸಿ ಇದೆ.

ಐದಾರು ವಾರಕ್ಕೆ ತಲೆಯ ಮೇಲಿನ ಜುಟ್ಟು ನೋಡಿರಿ. ಹುಂಜ ಮರಿಯ ಜುಟ್ಟು ದಪ್ಪಗೆ ಎದ್ದಿರುತ್ತದೆ. ಗುಲಾಬಿ ಬಣ್ಣ ಬಂದು ಮೆಲ್ಲಗೆ ಕೆಂಪಾಗುತ್ತದೆ. ಗದ್ದದ ಕೆಳಗೆ ಜೋತುಬೀಳುವ ಎರಡು ಕೆಂಪು ತೊಗಲು ಕಾಣಲು ಶುರುವಾಗುತ್ತವೆ. ಹ್ಯಾಟಿಯ ಜುಟ್ಟು ಆಗ ಸಣ್ಣದು, ಚಪ್ಪಟೆ, ಮಂಕು ಹಳದಿ. ಗದ್ದದ ಕೆಳಗೆ ಏನೂ ಇಲ್ಲದ ಹಾಗೆಯೇ ಇರುತ್ತದೆ. ಹುಂಜ ಮರಿಯ ಕಾಲು ತುಸು ದಪ್ಪ. ನಿಲ್ಲುವ ಠೀವಿಯೂ ಬೇರೆ, ಎದೆ ಎತ್ತಿ ನಿಲ್ಲುತ್ತದೆ. ಬಾಲದ ಗರಿ ಹ್ಯಾಟಿಗೆ ಮೊದಲು ಬರುತ್ತವೆ. ಹುಂಜ ಮರಿ ಬಹಳ ದಿನ ಬೋಳು ಬೋಳಾಗಿ ಕಾಣುತ್ತದೆ.

ಆದರೆ ಒಂದು ನಿಯಮ ಮರೆಯಬೇಡಿರಿ. ಒಂದೇ ದಿನ ಹುಟ್ಟಿದ, ಒಂದೇ ತಾಯಿಯ ಮರಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ನಿಮ್ಮ ಆರು ವಾರದ ಮರಿಯನ್ನು ಬಾಜು ಮನೆಯವರ ಎಂಟು ವಾರದ ಮರಿಯ ಜೊತೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ಅದರ ಜುಟ್ಟು ದೊಡ್ಡದಿರುವುದು ವಯಸ್ಸಿನಿಂದ, ಹುಂಜ ಅಂತಲ್ಲ.

ಎಂಟು ವಾರಕ್ಕೆ ಹತ್ತರಲ್ಲಿ ಏಳೆಂಟನ್ನು ಹೇಳಬಹುದು. ಉಳಿದ ಎರಡು ಮೂರು ಕಾಡುತ್ತವೆ. ಕೆಲವು ಕೋಳಿಗಳಿಗೆ ಎದ್ದು ನಿಲ್ಲುವ ಗರಗಸದಂಥ ಜುಟ್ಟು ಇರುವುದಿಲ್ಲ. ತಲೆಗೆ ಅಂಟಿದ ಗಿಡ್ಡ ಜುಟ್ಟು ಇರುತ್ತದೆ. ಜಗಳದ ಕೋಳಿ ಅಸೀಲ್ ತಳಿಯ ರಕ್ತ ಕಲೆತರೆ ಹೀಗೆ. ಅಂಥವುಗಳಲ್ಲಿ ಜುಟ್ಟು ನಂಬಿ ಕೂಡಬಾರದು.

ಅವಕ್ಕೆ ಮೂರು ತಿಂಗಳ ತನಕ ಕಾಯಿರಿ. ಆಗ ಬರುವುದು ಗಟ್ಟಿ ಗುರುತು. ಮರಿಯನ್ನು ಹಿಡಿದು ಬೆನ್ನಿನ ಹಿಂಭಾಗ ನೋಡಿರಿ. ಬಾಲ ಶುರುವಾಗುವ ಮುಂಚಿನ ಜಾಗ. ಅಲ್ಲಿಯ ಗರಿ ಬೇವಿನ ಎಲೆಯ ಹಾಗೆ ಸಪೂರ, ತುದಿ ಚೂಪು, ಮಿರಮಿರ ಮಿಂಚುತ್ತಿದ್ದರೆ ಹುಂಜ. ಗರಿಯ ತುದಿ ನಮ್ಮ ಬೆರಳ ತುದಿಯ ಹಾಗೆ ದುಂಡಗೆ ಇದ್ದರೆ ಹ್ಯಾಟಿ. ಕುತ್ತಿಗೆಯ ಗರಿಯೂ ಹೀಗೆಯೇ. ಹುಂಜದ ಬಾಲದಲ್ಲಿ ಕುಡಗೋಲಿನ ಹಾಗೆ ಬಾಗಿದ ಗರಿ ಇಣುಕುತ್ತವೆ. ಜುಟ್ಟು ಮೋಸ ಮಾಡಬಹುದು, ಈ ಚೂಪು ಗರಿ ಮೋಸ ಮಾಡುವುದು ಬಹಳ ಅಪರೂಪ. ನಮ್ಮನ್ನು ಕೇಳಿದರೆ, ಎಲ್ಲ ಮರೆತರೂ ಇದೊಂದು ನೆನಪಿಟ್ಟುಕೊಳ್ಳಿರಿ.

ಮೋಸ ಹೋಗುವ ಜಾಗಗಳು

ಎರಡು ಮರಿ ಎದುರುಬದುರು ನಿಂತು ಗರಿ ಉಬ್ಬಿಸಿ ಕಾದಾಡಿದವು ಅನ್ನಿರಿ. "ಎರಡೂ ಹುಂಜ" ಎಂದು ಹೇಳಬೇಡಿರಿ. ಎಳೆಯ ಹ್ಯಾಟಿಗಳೂ ಹೀಗೆ ಕಾದಾಡುತ್ತವೆ. ಯಾರು ಮೊದಲು ಕಾಳು ತಿನ್ನಬೇಕು ಎಂಬ ಜಗಳ ಅದು.

ರೋಗ ಬಂದ ಹುಂಜದ ಜುಟ್ಟು ಬಿಳಿಚಿಕೊಳ್ಳುತ್ತದೆ. ಅದನ್ನು ಹ್ಯಾಟಿ ಅನ್ನಬೇಡಿರಿ. ಮೊದಲು ಪಶು ಆಸ್ಪತ್ರೆಗೆ ತೋರಿಸಿರಿ. ರಾಣಿಖೇತ ರೋಗದ ಲಸಿಕೆಯನ್ನೂ ಅಲ್ಲೇ ವಿಚಾರಿಸಿರಿ. ಆ ರೋಗ ಹುಂಜ ಹ್ಯಾಟಿ ಎನ್ನದೆ ಇಡೀ ಬುಟ್ಟಿ ಖಾಲಿ ಮಾಡುತ್ತದೆ.

ಎಲ್ಲಕ್ಕಿಂತ ದೊಡ್ಡ ಮೋಸ ಐದಾರು ತಿಂಗಳಿಗೆ ಆಗುತ್ತದೆ. ಅಲ್ಲಿಯವರೆಗೆ ಮಂಕಾಗಿದ್ದ ಹ್ಯಾಟಿಯ ಜುಟ್ಟು ಒಮ್ಮೆಲೆ ಕೆಂಪಾಗುತ್ತದೆ. ಮನೆಯವರು "ಅಯ್ಯ, ಇದೂ ಹುಂಜನ ಆತು" ಎಂದು ಸಂತೆಗೆ ಒಯ್ಯಲು ನೋಡುತ್ತಾರೆ. ತಡೆಯಿರಿ! ಅದು ತತ್ತಿ ಇಡಲು ತಯಾರಾದ ಗುರುತು. ಬೆನ್ನ ಮೇಲೆ ಕೈ ಇಟ್ಟರೆ ರೆಕ್ಕೆ ಅಗಲಿಸಿ ಕೆಳಗೆ ಕೂಡುತ್ತದೆ. ಮೂಲೆ ಮೂಲೆ ಹುಡುಕುತ್ತದೆ. ಇನ್ನು ಕೆಲವೇ ದಿನದಲ್ಲಿ ತತ್ತಿ ಬರುತ್ತದೆ. ಸಂತೆಯಲ್ಲಿ ಕೋಳಿ ಕೊಳ್ಳುವ ವ್ಯಾಪಾರಿಗೆ ಇದು ಚೆನ್ನಾಗಿ ಗೊತ್ತು. ನಿಮಗೆ ಗೊತ್ತಿಲ್ಲದಿದ್ದರೆ ಮಾಂಸದ ದರಕ್ಕೆ ತತ್ತಿಯ ಹ್ಯಾಟಿ ಒಯ್ಯುತ್ತಾನೆ.

ಅಪರೂಪಕ್ಕೆ ಮುದಿ ಹ್ಯಾಟಿ ಹುಂಜದ ಹಾಗೆ ಕೂಗುವುದುಂಟು. ಮನೆಗೆ ಕೇಡು ಎಂದು ಹೆದರುತ್ತಾರೆ. ಕೇಡೂ ಇಲ್ಲ, ಗಾಳಿಯೂ ಇಲ್ಲ. ಕೋಳಿಯ ಹೊಟ್ಟೆಯಲ್ಲಿ ಎಡಗಡೆಯ ಅಂಡಕೋಶ ಒಂದೇ ಕೆಲಸ ಮಾಡುತ್ತದೆ. ಅದು ಕೆಟ್ಟರೆ ಹ್ಯಾಟಿಗೆ ಹುಂಜದ ಗರಿ, ಜುಟ್ಟು, ಕೂಗು ಬರಬಹುದು. ಯುರೋಪಿನ ಬಾಸೆಲ್ ಎಂಬ ಊರಿನಲ್ಲಿ 1474ರಲ್ಲಿ ತತ್ತಿ ಇಟ್ಟಿತೆಂದು ಒಂದು ಹುಂಜದ ಮೇಲೆ ಖಟ್ಲೆ ನಡೆಸಿ ಅದನ್ನು ಸುಟ್ಟರು. ಹೆದರಿಕೆ ನಮ್ಮ ಊರಿನದು ಮಾತ್ರವಲ್ಲ.

ವಹಿಯಲ್ಲಿ ಬರೆದಿಡಿರಿ

ಈಗ ನಿಮಗೆ ಬರೆಯಲು ಬರುತ್ತದೆ. ಮರಿ ಎಂದು ಹುಟ್ಟಿದವು ಎಂಬುದೇ ನೆನಪಿಲ್ಲದಿದ್ದರೆ ಆರು ವಾರ, ಮೂರು ತಿಂಗಳು ಲೆಕ್ಕ ಹಾಕುವುದು ಹೇಗೆ? ಒಂದು ವಹಿಯಲ್ಲಿ ಹೀಗೆ ಬರೆಯಿರಿ:

ಕೆಂಪು ಕೋಳಿ. ಮರಿ ಹುಟ್ಟಿದ ದಿನ ಜನವರಿ 5. ಮರಿ 10.
ಹದ್ದು ಒಯ್ದದ್ದು 1. ಬೆಕ್ಕು ಹಿಡಿದದ್ದು 1. ಉಳಿದವು 8.
ಫೆಬ್ರವರಿ 16, ಆರು ವಾರ. ಹುಂಜ 3. ಹ್ಯಾಟಿ 3. ಗೊತ್ತಿಲ್ಲ 2.
ಮಾರ್ಚ್ ಕೊನೆ, ಹನ್ನೆರಡು ವಾರ. ಹುಂಜ 4. ಹ್ಯಾಟಿ 4.

ಹುಂಜ ಎಂದು ಕಂಡ ಮರಿಯ ಕಾಲಿಗೆ ಕೆಂಪು ದಾರ, ಹ್ಯಾಟಿಗೆ ಹಸಿರು ದಾರ ಕಟ್ಟಿರಿ. ಸಡಿಲವಾಗಿ ಕಟ್ಟಬೇಕು. ಕಾಲು ದಪ್ಪವಾಗುತ್ತ ಹೋಗುತ್ತದೆ. ವಾರಕ್ಕೊಮ್ಮೆ ನೋಡಿ ಬಿಚ್ಚಿ ಕಟ್ಟದಿದ್ದರೆ ದಾರ ತೊಗಲಿಗೆ ಇಳಿಯುತ್ತದೆ. ಗೊತ್ತಾಗದ ಮರಿಗೆ ದಾರ ಬೇಡ. ವಹಿಯಲ್ಲಿ ಅದರ ಬಣ್ಣ ಬರೆದು ಮುಂದೆ ಪ್ರಶ್ನೆಯ ಗುರುತು ಹಾಕಿರಿ. ಪ್ರಶ್ನೆಯ ಗುರುತು ಇರುವ ಮರಿಯನ್ನು ಮಾರುವಂತಿಲ್ಲ, ಕೊಯ್ಯುವಂತಿಲ್ಲ. ಮನೆಯಲ್ಲಿ ಇದನ್ನು ಎಲ್ಲರಿಗೂ ಹೇಳಿ ಇಡಿರಿ.

ಇನ್ನು ಹುಂಜಗಳ ಮಾತು. ಎಂಟು ಹತ್ತು ಹ್ಯಾಟಿಗೆ ಒಂದು ಹುಂಜ ಸಾಕು. ಹುಂಜ ಇಲ್ಲದಿದ್ದರೂ ಹ್ಯಾಟಿ ತತ್ತಿ ಇಡುತ್ತದೆ. ಆ ತತ್ತಿ ತಿನ್ನಲು ಬರುತ್ತದೆ, ಮರಿ ಮಾತ್ರ ಆಗುವುದಿಲ್ಲ. ಹೆಚ್ಚಿನ ಹುಂಜಗಳನ್ನು ಐದಾರು ತಿಂಗಳಿಗೆ, ಜಾತ್ರೆ ಹಬ್ಬ ನೋಡಿ ಮಾರಿರಿ. ಆಗ ದರ ಚಲೋ ಸಿಗುತ್ತದೆ. ಮನೆಯಲ್ಲಿ ಇಟ್ಟುಕೊಳ್ಳುವ ಒಂದು ಹುಂಜ ಅದೇ ತಾಯಿಯ ಮರಿ ಆಗಬಾರದು. ಅಣ್ಣ ತಂಗಿ ಕೂಡಿದರೆ ಮುಂದಿನ ಮರಿಗಳು ಬಡವಾಗುತ್ತವೆ, ತತ್ತಿಯಲ್ಲೇ ಸಾಯುವುದೂ ಹೆಚ್ಚು. ತವರಿಗೆ ಹೋದಾಗ ನಿಮ್ಮ ಒಂದು ಹುಂಜ ಅಲ್ಲಿ ಕೊಟ್ಟು ಅಲ್ಲಿಯ ಒಂದು ಹುಂಜ ಬುಟ್ಟಿಯಲ್ಲಿ ಹಾಕಿಕೊಂಡು ಬನ್ನಿರಿ.